ಅಂಚಿನ ಎರಡನೇ ಸಾಲು

ಕಾಸಾಬ್ಲಾಂಕಾ: ಸಾಮಾನಿನ ಬೆಲ್ಟಿನ ಮುಂದೆ

ಮೊರಾಕೊ ದೇಶದೊಳಗೆ ನನಗಿಂತ ಮೊದಲು ನನ್ನ ವಾಸನೆ ಕಾಲಿಟ್ಟಿತು. ತಾಳೆಗರಿ ಒರೆಸಲೆಂದು ಶಿವಮೊಗ್ಗದಿಂದ ಒಯ್ದಿದ್ದ ಮಜ್ಜಿಗೆ ಹುಲ್ಲಿನ ಎಣ್ಣೆಯ ಬಾಟಲಿ ಸೂಟ್‌ಕೇಸಿನೊಳಗೇ ಮುಚ್ಚಳ ಬಿಚ್ಚಿಕೊಂಡಿತ್ತು. ಬೆಲ್ಟಿನ ಮೇಲೆ ಪೆಟ್ಟಿಗೆ ಕಾಣಿಸುವ ಮೊದಲೇ ಘಮ ಬಂತು. ಹೆಂಡತಿ ಗಿರಿಜೆಯ ಮೂರು ಸೀರೆ, ನನ್ನ ಒಂದೇ ಒಂದು ಕೋಟು, ಒಂದು ಡಬ್ಬಿ ಚಟ್ನಿಪುಡಿ, ಎಲ್ಲಕ್ಕೂ ಅಭ್ಯಂಜನ ಆಗಿತ್ತು.

ಕಸ್ಟಮ್ಸಿನವನು ಕೋಟನ್ನು ಎತ್ತಿ ಮೂಸಿ ನೋಡಿದ. ಇದು ಹಳೇ ಪುಸ್ತಕಕ್ಕೆ ಹಚ್ಚುವ ಎಣ್ಣೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಅವನಿಗೆ ತಿಳಿಯಲಿಲ್ಲ. ಪಕ್ಕದವನನ್ನು ಕರೆದು ಅವನಿಗೂ ಮೂಸಿಸಿದ. ಇಬ್ಬರೂ ಏನೋ ಮಾತಾಡಿಕೊಂಡು ನಕ್ಕು, ನಮ್ಮನ್ನು ಸುಗಂಧದ ವ್ಯಾಪಾರಿಗಳೆಂದು ತೀರ್ಮಾನಿಸಿ ಕಳಿಸಿಕೊಟ್ಟರು.

"ಅಷ್ಟು ಸಲ ಬಡ್ಕೊಂಡೆ ಮಾರಾಯ್ರೇ, ಮುಚ್ಚಳ ಒಂದ್ಸಲ ನೋಡಿ ಅಂತ. ನೀವು ಯಾರ ಮಾತು ಕೇಳ್ತೀರಿ?" ಎಂದಳು ಗಿರಿಜೆ.

ನಾನು ಶಿವಮೊಗ್ಗದ ನಿವೃತ್ತ ಕನ್ನಡ ಮೇಷ್ಟರು. ಮೂವತ್ತು ವರ್ಷ ವಚನಗಳ ತಾಳೆಗರಿ ಕಟ್ಟುಗಳನ್ನು ಬಿಚ್ಚಿ, ಒರೆಸಿ, ಓದಿ, ಒಂದು ಪ್ರತಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಿ ಅಚ್ಚಿಗೆ ಕೊಟ್ಟವನು. ಅದೇ ಕಾರಣಕ್ಕೆ ಫೆಜ್ ನಗರದ ಒಂದು ಗ್ರಂಥಾಲಯದವರು ಹಸ್ತಪ್ರತಿ ರಿಪೇರಿಯ ಒಂದು ವಾರದ ಕಮ್ಮಟಕ್ಕೆ ಕರೆದಿದ್ದರು. ತಾಳೆಗರಿಗೆ ಎಣ್ಣೆಯನ್ನೂ, ಕೊರೆದ ಅಕ್ಷರ ಎದ್ದು ಕಾಣಲು ಕಾಡಿಗೆಯನ್ನೂ ಹೇಗೆ ಹಚ್ಚುತ್ತಾರೆಂದು ನಾನು ತೋರಿಸಬೇಕಿತ್ತು. ಎದೆ ಉಬ್ಬಿಸಿಕೊಂಡೇ ಹೋದೆ. ಹೋದದ್ದು ಹಾಗೆ, ಬಂದದ್ದು ಹೇಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫೆಜ್‌ಗೆ ಹೋಗುವ ರೈಲಿನಲ್ಲಿ

ಅಲ್ಲಿನ ರೈಲಿನಲ್ಲಿ ಯಾರೂ ಒಬ್ಬರೇ ತಿನ್ನುವುದಿಲ್ಲ. ಎದುರಿಗೆ ಕೂತಿದ್ದ ದಪ್ಪನೆಯ ಹೆಂಗಸು ಕಿತ್ತಳೆ ಸುಲಿದು ಮೊದಲು ನಮ್ಮ ಕೈಗೆ ಎರಡೆರಡು ತೊಳೆ ಇಟ್ಟು, ಆಮೇಲೆ ತಾನು ತಿಂದಳು. ಬೇಡ ಅಂದರೆ ಮುಖ ಊದಿಸಿಕೊಂಡಳು. ಗಿರಿಜೆ ಎಣ್ಣೆ ಕುಡಿದ ಚಟ್ನಿಪುಡಿಯನ್ನೇ ಬ್ರೆಡ್ಡಿಗೆ ಸವರಿ ಕೊಟ್ಟಳು. ಆಕೆ ಕಣ್ಣಲ್ಲಿ ನೀರು ಸುರಿಸುತ್ತಾ ಪೂರ್ತಿ ತಿಂದು, ಇನ್ನೊಂದಕ್ಕೆ ಕೈಚಾಚಿದಳು. ಭಾಷೆ ಗೊತ್ತಿಲ್ಲದೆಯೂ ಇಬ್ಬರೂ ಮೊಣಕಾಲು ನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಆಕೆ ಇಳಿದು ಹೋದ ಮೇಲೆ ಗಿರಿಜೆ ಕಿಟಕಿಯಾಚೆ ನೋಡುತ್ತಾ, ರಹಮತ್ ಸಾಹೇಬರಿಗೆ ಹೊರಡುವಾಗ ಹೇಳಿ ಬಂದಿರಾ ಎಂದು ಕೇಳಿದಳು. ನಾನು ಪೇಪರು ಬಿಡಿಸಿದೆ. ಅದು ಫ್ರೆಂಚ್ ಪೇಪರು.

ಈ ರಹಮತ್ ಸಾಹೇಬರು ಭದ್ರಾವತಿಯವರು. ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಅಲ್ಲಿನ ಕಾರ್ಮಿಕರ ಕನ್ನಡ ಸಂಘಕ್ಕೆ ನಾನು ಭಾಷಣಕ್ಕೆ ಹೋದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ವಚನ ಬರೆದುಕೊಳ್ಳುತ್ತಿದ್ದರು. ಹಾಗೆ ಶುರುವಾದ ಒಡನಾಟಕ್ಕೆ ಇಪ್ಪತ್ತೈದು ವರ್ಷ. ಬೆಳಿಗ್ಗೆ ಹೊತ್ತು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೇರಿಯ ಮಕ್ಕಳಿಗೆ ಕುರಾನ್ ಓದುವುದನ್ನು ಹೇಳಿಕೊಡುತ್ತಿದ್ದರು. ಅದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕುಲುಮೆಯ ಶಾಖಕ್ಕೆ ಅರ್ಧ ಹೋದ ಕಣ್ಣಿನಲ್ಲಿ ಅವರಿಗೆ ಉಳಿದಿದ್ದ ಸಂತೋಷ ಅದೊಂದೇ.

ಅವರ ಮನೆಯಲ್ಲಿ ಮುತ್ತಾತ ಕೈಯಾರೆ ಬರೆದ ಕುರಾನಿನ ಪ್ರತಿ ಇತ್ತು. ಅಂಚಿನಲ್ಲಿ ಕೆಂಪು ಶಾಯಿಯ ಟಿಪ್ಪಣಿಗಳು. ಹೋದ ವರ್ಷ ನನಗೆ ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಹಸ್ತಪ್ರತಿಗಳ ಅಂಚಿನ ಬರಹಗಳ ಬಗ್ಗೆ ಮಾತಾಡುವುದಿತ್ತು. ಫೋಟೊ ಬೇಕೆಂದು ಕೇಳಿದೆ. ಅವರು ಕೈಕಾಲು ತೊಳೆದು ಬಂದು, ಗ್ರಂಥಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ, ತಾವೇ ಪುಟ ಹಿಡಿದು ನಿಂತು ತೆಗೆಸಿದರು.

ನನಗೆ ಅರಬ್ಬಿಯ ಒಂದಕ್ಷರ ಬರುವುದಿಲ್ಲ. ಹಿಡಿದು ನಿಂತವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಅವರು ನಂಬುವವರು, ಅವರು ಹೇಳಿದರೆ ಅದು ಭಕ್ತಿಯ ಅರ್ಥ ಆಗುತ್ತದೆ, ನನಗೆ ವಸ್ತುನಿಷ್ಠ ಅರ್ಥ ಬೇಕು ಎಂದು ನನ್ನ ಲೆಕ್ಕ. ಶಿವಮೊಗ್ಗದ ಗಾಂಧಿ ಬಜಾರಿನ ಅತ್ತರ್ ಅಂಗಡಿಯವನಿಗೆ ಫೋನಿನಲ್ಲಿ ತೋರಿಸಿದೆ. ಅವನು ಮೊದಲ ಸಾಲು ಓದಿ, ಕುರಾನಿನ ಈ ವಚನದ ವಿಧಿ ಆಮೇಲೆ ರದ್ದಾಯಿತು ಅಂತ ಕೆಲವರು ಹೇಳ್ತಾರೆ, ಅಂತ ಬರೆದಿದೆ ಎಂದ. ಕೆಳಗಿನ ಸಾಲು ಸಣ್ಣದು, ಕನ್ನಡಕ ತಂದಿಲ್ಲ, ಸಂಜೆ ಬನ್ನಿ ಅಂದ. ನಾನು ಸಂಜೆ ಹೋಗಲಿಲ್ಲ.

ಸಭೆಯಲ್ಲಿ ಪುಟವನ್ನು ಪರದೆಯ ಮೇಲೆ ಹಾಕಿ, ಕೆಂಪು ಸಾಲಿಗೆ ಕೋಲು ಇಟ್ಟು, "ದೇವರ ಮಾತಿಗೂ ರದ್ದು ಉಂಟು ನೋಡಿ, ಬರೆದವನೇ ಒಪ್ಕೊಂಡಿದ್ದಾನೆ" ಎಂದೆ. 'ಕೆಲವರು ಹೇಳುತ್ತಾರೆ' ಎಂಬುದು ನನ್ನ ಬಾಯಿಂದ ಬರಲಿಲ್ಲ. ಸಭೆ ನಕ್ಕಿತು. ನಕ್ಕಾಗ ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಯಾರೋ ಆ ಒಂದು ನಿಮಿಷವನ್ನು ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು. ಅದರ ಮೇಲೆ ಹಾಕಿದ್ದ ತಲೆಬರಹವನ್ನು ಇಲ್ಲಿ ಬರೆಯಲಾರೆ. ಅದು ಭದ್ರಾವತಿ ಮುಟ್ಟಲು ಒಂದು ದಿನ ಸಾಕಾಯಿತು. ಪುಟ ಯಾರ ಮನೆಯದೆಂದು ಅವರ ಕೇರಿಯವರಿಗೆ ಗುರುತು ಸಿಕ್ಕಿತು. ಮುತ್ತಾತ ಇಂಥದ್ದು ಬರೆದಿಟ್ಟ ಮನೆ, ಅದನ್ನು ಹೊರಗಿನವನ ಕೈಗೆ ಕೊಟ್ಟು ನಗಿಸಿಕೊಂಡ ಮನುಷ್ಯ, ಇವನ ಹತ್ತಿರ ಮಕ್ಕಳನ್ನು ಕಳಿಸುವುದೇ ಎಂದು ಒಂದೊಂದೇ ಮನೆಯವರು ಬಿಡಿಸಿದರು. ಒಂದು ತಿಂಗಳಲ್ಲಿ ಕೋಣೆ ಖಾಲಿ.

ಸಾಹೇಬರು ಬಸ್ಸು ಹತ್ತಿ ನಮ್ಮ ಮನೆಗೆ ಬಂದಿದ್ದರು. ಜಗಳಕ್ಕೆ ಅಲ್ಲ. ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, "ಸಾರ್, ಅದ್ರ ಕೆಳಗೆ ಇನ್ನೂ ಒಂದು ಸಾಲಿದೆ. ಅದನ್ನೂ ಹೇಳಿಬಿಡಿ ಸಾರ್" ಎಂದರು. ನಾನು ಸಂಶೋಧಕನ ಸ್ವಾತಂತ್ರ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಅವರು ಕಾಫಿ ಮುಗಿಸಿ ಎದ್ದು ಹೋದರು. ಆಮೇಲೆ ಬರಲಿಲ್ಲ.

ಫೆಜ್: ರಿಪೇರಿ ಕೋಣೆ

ಗ್ರಂಥಾಲಯದ ರಿಪೇರಿ ಕೋಣೆಯ ಯಜಮಾನಿ ಲತೀಫಾ ಎಂಬ ಐವತ್ತರ ಹೆಂಗಸು. ತೋಳು ಮಡಚಿ, ತಲೆವಸ್ತ್ರದ ತುದಿ ಬೆನ್ನಿಗೆ ಎಸೆದುಕೊಂಡು ಅಂಟು ಕಲಸುತ್ತಿದ್ದವರು ನನ್ನ ಕೋಟು ಮೂಸಿ, ನಿಮ್ಮ ದೇಶದ ಹುಳಗಳಿಗೆ ಈ ವಾಸನೆ ಆಗುವುದಿಲ್ಲವೋ ಎಂದು ಕೇಳಿದರು. ಆಗುವುದಿಲ್ಲ ಎಂದೆ. ನನಗೂ ಆಗುವುದಿಲ್ಲ ಎಂದು ಕಿಟಕಿ ತೆರೆದರು.

ಅವರ ಕೋಣೆಗೆ ಒಂದು ಕಟ್ಟಳೆ ಇತ್ತು. ಯಾವ ಹಾಳೆಯನ್ನಾದರೂ ಅಂಟಿಸುವ ಮೊದಲು ಅದನ್ನು ಪೂರ್ತಿ ಗಟ್ಟಿಯಾಗಿ ಓದಬೇಕು. ಮೇಲಿನಿಂದ ಕೆಳಗೆ, ಆಮೇಲೆ ಅಂಚು, ಅಂಚಿನ ಮೂಲೆ, ಹುಳ ತಿಂದಲ್ಲಿ 'ಇಲ್ಲಿ ತೂತು' ಎಂದೂ ಹೇಳಬೇಕು. ಇನ್ನೊಬ್ಬರು ಪಟ್ಟಿಯಲ್ಲಿ ಗುರುತು ಹಾಕಬೇಕು. ಅವರ ತಂದೆ ಹಾಗೆ ಮಾಡುತ್ತಿದ್ದರಂತೆ. ಓದದೆ ಅಂಟಿಸಿದರೆ ಯಾರದೋ ಮಾತು ಅಂಟಿನ ಕೆಳಗೆ ಹೋಗುತ್ತದೆ, ಅಷ್ಟೇ ಕಾರಣ. ಕಮ್ಮಟಕ್ಕೆ ಬಂದ ಆರು ಮಂದಿಯಲ್ಲಿ ನಾನೊಬ್ಬನೇ ಒಳಗೊಳಗೇ ನಕ್ಕೆ. ನಮ್ಮ ಕಡೆ ಕಟ್ಟು ಬಿಚ್ಚಿದ ತಕ್ಷಣ ಎಣ್ಣೆ ಹಚ್ಚಿ ಕೆಲಸ ಮುಗಿಸುತ್ತೇವೆ ಎಂದು ಹೆಮ್ಮೆಯಿಂದ ಹೇಳಿಯೂ ಬಿಟ್ಟೆ.

ಅದೇ ದಿನ ಇನ್ನೊಂದು ಪೆದ್ದುತನ ಮಾಡಿದೆ. ಕಪಾಟಿನಲ್ಲಿ ಅಚ್ಚಾದ ಕುರಾನ್ ಇತ್ತು. ನಾನು ಫೋನಿನಲ್ಲಿ ಇಳಿಸಿಕೊಂಡಿದ್ದ ನಮ್ಮ ಕಡೆಯ ಅಚ್ಚಿನ ಕುರಾನಿನ ಪಕ್ಕ ಹಿಡಿದು, ಓದಲು ಬಾರದಿದ್ದರೂ ಕಣ್ಣಲ್ಲೇ ಹೋಲಿಸಿ ನೋಡಿದರೆ ವಚನಗಳ ಸಂಖ್ಯೆ ಹೊಂದುತ್ತಿಲ್ಲ, ಕೆಲವು ಕಡೆ ಗುರುತುಗಳೂ ಬೇರೆ. ನಿಧಿ ಸಿಕ್ಕಿದವನ ಹಾಗೆ ಲತೀಫಾರನ್ನು ಕರೆದು ತೋರಿಸಿದೆ. ಅವರು ಅಂಟಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ. ನಮ್ಮ ದೇಶದಲ್ಲಿ ಓದುವ ಪಾಠ ಇದು, ನಿಮ್ಮ ಕಡೆಯದು ಇನ್ನೊಂದು, ಹೀಗೆ ಗುರುಗಳಿಂದ ಗುರುಗಳಿಗೆ ಬಂದ ಮಾನ್ಯ ಪಾಠಗಳು ಇನ್ನೂ ಇವೆ, ಹೊರಗಿನ ಪ್ರತಿ ಅಂಗಡಿಯಲ್ಲೂ ಮಾರುತ್ತಾರೆ, ಬೇಕಾದರೆ ಒಂದು ಸಂಜೆ ತೋರಿಸುತ್ತೇನೆ ಎಂದರು. ಮೂವತ್ತು ವರ್ಷ ಶರಣರ ಒಂದೊಂದು ವಚನದ ಕೆಳಗೂ ಪಾಠಾಂತರಗಳನ್ನು ಅಚ್ಚು ಹಾಕಿಸಿದವನು ನಾನು. ಅದನ್ನು ಯಾರಾದರೂ ಕಳ್ಳತನ ಪತ್ತೆ ಮಾಡಿದವರ ಹಾಗೆ ನನಗೇ ತಂದು ತೋರಿಸಿದ್ದರೆ ಬೈದು ಕಳಿಸುತ್ತಿದ್ದೆ.

ಮೂರನೇ ದಿನ

ಇಷ್ಟಾದ ಮೇಲಾದರೂ ಸುಮ್ಮನಿರಬೇಕಿತ್ತು. ಮೂರನೇ ದಿನ ಚಹಾದ ಹೊತ್ತಿಗೆ, ಅಲ್ಲಿ ಮಾರುದ್ದದಿಂದ ಲೋಟಕ್ಕೆ ಪುದೀನ ಚಹಾ ಸುರಿಯುತ್ತಾರೆ, ಒಂದು ಹನಿ ಚೆಲ್ಲುವುದಿಲ್ಲ, ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. ಕುರಾನಿನ ವಚನಗಳ ನಡುವೆ ಒಮ್ಮೆ ಸೈತಾನನ ಮಾತು ಸುಳಿಯಿತು, ಆಮೇಲೆ ಅದನ್ನು ತೆಗೆಯಲಾಯಿತು ಎಂಬ ಹಳೆಯ ಕಥೆ ಇದೆಯಲ್ಲ, ಅದರ ಬಗ್ಗೆ ನಿಮ್ಮವರು ಏನನ್ನುತ್ತಾರೆ ಎಂದು ಕೇಳಿದೆ. ಅವರು ಕೋಪಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಕೋಪಿಸಿಕೊಳ್ಳಲಿ ಎಂದು ಒಳಗೆ ಎಲ್ಲೋ ಆಸೆಯೂ ಇತ್ತು.

ಅವರು ಲೋಟ ಕೆಳಗಿಟ್ಟು, ಯಾವ ನಿರೂಪಣೆ ಓದಿದ್ದೀರಿ ಎಂದು ಕೇಳಿದರು. ಹಳೆಯ ಚರಿತ್ರಕಾರರು ಕೆಲವರು ಅದನ್ನು ದಾಖಲಿಸಿದ್ದಾರೆ, ಒಂದೊಂದರಲ್ಲಿ ಒಂದೊಂದು ಥರ ಇದೆ, ಯಾರು ಯಾರಿಂದ ಕೇಳಿದರೆಂಬ ಸರಪಳಿ ಸಡಿಲ ಎಂದು ಬಹುಪಾಲು ಪಂಡಿತರು ತಳ್ಳಿಹಾಕಿದ್ದಾರೆ, ಉಳಿಸಿಕೊಂಡು ವ್ಯಾಖ್ಯಾನ ಮಾಡಿದವರೂ ಇದ್ದಾರೆ. ನೀವು ಓದಿದ್ದು ಯಾವುದು? ಪರೀಕ್ಷೆ ಮಾಡುವ ದನಿಯಲ್ಲ, ನಿಜಕ್ಕೂ ತಿಳಿಯುವ ಆಸೆಯಿಂದ ಕೇಳಿದರು. ನಾನು ಓದಿದ್ದು ವಾಟ್ಸಾಪಿನಲ್ಲಿ ಬಂದ ಎಂಟು ಸಾಲು. ಚಹಾ ಬಿಸಿ ಇದೆ ಎಂದು ಲೋಟ ಊದುತ್ತಾ ಕೂತೆ.

ಆ ಮುಜುಗರ ಮುಚ್ಚಿಕೊಳ್ಳಲು ಫೋನು ತೆಗೆದು ಸಾಹೇಬರ ಮನೆಯ ಪುಟ ತೋರಿಸಿದೆ. ನಮ್ಮೂರ ಪಕ್ಕದ ಪ್ರತಿ, ಕೆಂಪು ಟಿಪ್ಪಣಿ ನೋಡಿ ಎಂದೆ. ಅವರ ಮುಖ ಅರಳಿತು. ಎಂಥ ಚಂದದ ಕೈಬರಹ ಎಂದು ಎಲ್ಲರನ್ನೂ ಕರೆದು, ದೊಡ್ಡ ಪರದೆಗೆ ಹಾಕಿಸಿ, ಕಟ್ಟಳೆಯ ಪ್ರಕಾರ ಎದ್ದು ನಿಂತು ಓದತೊಡಗಿದರು. ಮೊದಲು ವಚನ. ಸಾಯುವ ಮುನ್ನ ತಂದೆತಾಯಿಗೂ ನೆಂಟರಿಗೂ ಆಸ್ತಿಯಲ್ಲಿ ಬರೆದಿಡುವ ಬಗೆಗಿನದು ಅದು. ಆಮೇಲೆ ಅಂಚು. ಒಂದು ಸಾಲು ಓದಿ ಇಂಗ್ಲಿಷಿನಲ್ಲಿ ಅರ್ಥ ಹೇಳಿದರು: ಆಸ್ತಿಯಲ್ಲಿ ಯಾರಿಗೆ ಎಷ್ಟು ಪಾಲೆಂದು ಗೊತ್ತುಮಾಡುವ ವಿಧಿ ಬಂದ ಮೇಲೆ ಇದರ ವಿಧಿ ರದ್ದಾಯಿತೆಂದು ಕೆಲವರು ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಲಿಲ್ಲ. ಪುಟ ದೊಡ್ಡದು ಮಾಡಿ, ಕಣ್ಣು ಕಿರಿದು ಮಾಡಿ, ಎರಡನೇ ಸಾಲು ಓದಿದರು.

"ನನ್ನ ಗುರುಗಳು ಇದನ್ನು ಒಪ್ಪುವುದಿಲ್ಲ. ಪಾಲು ಸಿಗದ ನೆಂಟರ ಮಟ್ಟಿಗೆ ಇದು ಇಂದಿಗೂ ನಿಂತಿದೆ ಎನ್ನುತ್ತಾರೆ. ಅವರ ಮಾತೇ ನನಗೆ ಹಿತವಾಗಿದೆ. ನಿಜ ಬಲ್ಲವನು ದೇವರು."

ಎಷ್ಟು ವಿನಯದ ಬರಹ ಎಂದು ಲತೀಫಾ ತಮ್ಮಷ್ಟಕ್ಕೇ ಹೇಳಿಕೊಂಡರು. ಈ ರದ್ದಿನ ವಾದ ಗುಟ್ಟೇನಲ್ಲ, ಪಾಠಶಾಲೆಯ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ, ಇಂಥ ವಚನಗಳು ಬಹಳ ಎಂದು ಒಬ್ಬರು, ಬೆರಳಲ್ಲಿ ಎಣಿಸುವಷ್ಟು ಎಂದು ಇನ್ನೊಬ್ಬರು, ಒಂದೂ ಇಲ್ಲ ಎಂದು ಮತ್ತೊಬ್ಬರು ವಾದಿಸುತ್ತಾರೆ ಎಂದರು. ತಮ್ಮ ತಂದೆಗೂ ಚಿಕ್ಕಪ್ಪನಿಗೂ ಇದೇ ವಿಷಯದಲ್ಲಿ ಸಾಯುವವರೆಗೂ ಜಗಳ, ಆದರೂ ಊಟ ಇಬ್ಬರದೂ ಒಂದೇ ತಟ್ಟೆಯಲ್ಲಿ ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಈ ಪ್ರತಿಯನ್ನು ಉಳಿಸಿಕೊಂಡ ಮನೆಯವರು ಹೇಗಿದ್ದಾರೆ, ಅವರಿಗೆ ನನ್ನ ಸಲಾಂ ಹೇಳಿ ಎಂದರು.

ಹೇಳುತ್ತೇನೆ ಎಂದೆ. ಬೇರೆ ಏನು ಹೇಳಲಿ? ತಾಳೆಗರಿಯಲ್ಲಿ ಅಂಚಿನ ಗುರುತು ಎಂದರೆ ಬಹುಮಟ್ಟಿಗೆ ಲಿಪಿಕಾರ ತನ್ನ ತಪ್ಪು ಹೊಡೆದುಹಾಕಿದ್ದು. ನನ್ನ ಕಸುಬಿನ ಕಣ್ಣು ಅದನ್ನೇ ಕಂಡಿತು, ರದ್ದು ಎಂಬುದು ಸಿಕ್ಕಿದ ಕೂಡಲೇ ಸಾಕು ಎಂದು ಎದ್ದು ಬಂದಿತು. ಮುತ್ತಾತ ಒಪ್ಪದೆ ಬರೆದದ್ದನ್ನು ಅವನೇ ಒಪ್ಪಿಕೊಂಡಿದ್ದಾನೆಂದು ಊರಿಗೆಲ್ಲ ಸಾರಿದವನು ನಾನು. ಕೋಣೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಆದರೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಅವತ್ತು ಮಧ್ಯಾಹ್ನ ತಾಳೆಗರಿಗೆ ಕಾಡಿಗೆ ಹಚ್ಚಿ ತೋರಿಸುವಾಗ ಮೇಜೆಲ್ಲ ಕರಿ ಮಾಡಿದೆ. ಲತೀಫಾ ತಾವೇ ಬಟ್ಟೆ ತಂದು ಒರೆಸಿದರು.

ಚರ್ಮದ ಹೊಂಡಗಳ ಮೇಲೆ

ಮರುದಿನ ಬಿಡುವು. ಫೆಜ್‌ನಲ್ಲಿ ಚರ್ಮ ಹದ ಮಾಡುವ ಹೊಂಡಗಳನ್ನು ಮಾಳಿಗೆಯ ಮೇಲಿನಿಂದ ತೋರಿಸುತ್ತಾರೆ. ಹತ್ತುವ ಮೊದಲು ಪ್ರತಿಯೊಬ್ಬರ ಕೈಗೂ ಒಂದು ಹಿಡಿ ಪುದೀನ ಕೊಡುತ್ತಾರೆ, ಮೂಗಿಗೆ ಹಿಡಿದುಕೊಳ್ಳಲು. ನಮ್ಮೂರ ಹತ್ತಿರದ ತ್ಯಾವರೆಕೊಪ್ಪದ ಮೃಗಾಲಯದಲ್ಲಿ ಹುಲಿಯ ಬೋನಿನ ಪಕ್ಕ ನಿಂತ ಹಾಗಿತ್ತು. ಗಿರಿಜೆ ಪುದೀನವನ್ನು ಬಿಟ್ಟು ನನ್ನ ಕೋಟಿನ ತೋಳನ್ನೇ ಮೂಗಿಗೆ ಹಿಡಿದುಕೊಂಡಳು. ಕೆಳಗೆ ಗಂಡಸರು ತೊಡೆಯವರೆಗೆ ಬಣ್ಣದ ನೀರಿನಲ್ಲಿ ಇಳಿದು ತುಳಿಯುತ್ತಿದ್ದರು.

ಅಲ್ಲಿ ನಿಂತು ಅವಳಿಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ತೋಳು ಬಿಟ್ಟು ನನ್ನ ಮುಖ ನೋಡಿದಳು.

"ಅವರು ಮನೆಗೆ ಬಂದು ಕೇಳಿದ್ರಲ್ರೀ. ನಾನು ಅಡಿಗೆಮನೇಲಿ ನಿಂತು ಕೇಳಿಸ್ಕೊಂಡೆ. ಅಷ್ಟು ವರ್ಷದ ಮನುಷ್ಯ ಹೇಳಿದ್ದು ನಿಮ್ಮ ತಲೆಗೆ ಹೋಗಲಿಲ್ಲ. ಸಮುದ್ರ ದಾಟಿ ಬಂದು ಈ ಅಮ್ಮ ಹೇಳಿದ್ಮೇಲೆ ಹೋಯ್ತಾ?"

ಕೆಳಗಿನಿಂದ ಯಾರೋ ಕೈಬೀಸಿದರು, ಅವಳೂ ಬೀಸಿದಳು. ನಾನು ಸಾಹೇಬರಿಗೆ ಫೋನು ಹಚ್ಚಿದೆ. ಎರಡು ಸಲ ರಿಂಗಾಯಿತು, ಎತ್ತಲಿಲ್ಲ. ಮೂರನೇ ಸಲ ಮಾಡಲು ಧೈರ್ಯ ಬರಲಿಲ್ಲ. ಸಂಜೆ ಲತೀಫಾ ತಮ್ಮ ಮಾತಿನಂತೆ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿನ ಪಾಠದ ಒಂದು ಕುರಾನನ್ನು ನಾನು ಕೇಳುವ ಮೊದಲೇ ಅವರೇ ಕಾಗದದಲ್ಲಿ ಸುತ್ತಿಸಿ, ಆ ಕೆಂಪು ಟಿಪ್ಪಣಿಯ ಮನೆಯವರಿಗೆ ಎಂದು ಕೊಟ್ಟರು. ಹೊರಡುವ ದಿನ ಅದನ್ನು ಪೆಟ್ಟಿಗೆಗೆ ಹಾಕದೆ ಮಡಿಲಲ್ಲಿಟ್ಟುಕೊಂಡೇ ಬಂದೆ. ಎಣ್ಣೆ ತಗುಲುತ್ತದೆ ಎಂದು ಗಿರಿಜೆಗೆ ಹೇಳಿದೆ. ನಿಜವಾದ ಕಾರಣ ಅದಾಗಿರಲಿಲ್ಲ.

ಭದ್ರಾವತಿ

ಊರಿಗೆ ಬಂದ ಮೂರನೇ ದಿನ ಗಿರಿಜೆಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅರ್ಧ ಜಗತ್ತು ಸುತ್ತಿ ಬಂದವನಿಗೆ ಮಲವಗೊಪ್ಪ ದಾಟಿ ಭದ್ರಾವತಿ ಮುಟ್ಟುವುದು ಭಾರವಾಯಿತು. ಎರಡು ಸಲ, ಇಳಿದು ವಾಪಸ್ ಹೋಗೋಣವಾ ಅಂದೆ. ಎರಡು ಸಲವೂ ಗಿರಿಜೆ ತೋಳು ಹಿಡಿದು ಕೂರಿಸಿದಳು.

ಸಾಹೇಬರು ಬಾಗಿಲು ತೆಗೆದು, ಬನ್ನಿ ಸಾರ್, ಬಾ ತಾಯಿ ಎಂದರು. ಮುಂದಿನ ಕೋಣೆಯಲ್ಲಿ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿತ್ತು. ಮಕ್ಕಳಿಗೆ ಈಗ ಇನ್ನೊಂದು ಬೀದಿಯಲ್ಲಿ ಬೇರೆಯವರು ಹೇಳಿಕೊಡುತ್ತಾರಂತೆ. ಚೆನ್ನಾಗಿ ಹೇಳಿಕೊಡ್ತಾರೆ, ಹುಡುಗ್ರು ಕಲೀತಿದಾರೆ ಎಂದು ಸಾಹೇಬರೇ ಹೇಳಿದರು. ಫೆಜ್‌ನ ಕುರಾನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ಓದಿದರು. ಈ ಪಾಠದ ಬಗ್ಗೆ ನನಗೆ ಓದು ಕಲಿಸಿದ ಉಸ್ತಾದರು ಹೇಳಿದ್ದರು, ಕಣ್ಣಲ್ಲಿ ನೋಡಿರಲಿಲ್ಲ ಎಂದರು. ಲತೀಫಾರ ಸಲಾಂ ಹೇಳಿದೆ. ಅದಕ್ಕೆ ಪ್ರತಿಸಲಾಂ ಹೇಳಿ, ಆ ಅಮ್ಮನಿಗೆ ಮುಟ್ಟಿಸಿ ಎಂದರು.

ಆಮೇಲೆ ನಾನು ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ. ತಪ್ಪಾಯಿತು, ಅದೇ ಸಭಾಂಗಣದಲ್ಲಿ ಇನ್ನೊಂದು ಭಾಷಣ ಮಾಡುತ್ತೇನೆ, ಎರಡನೇ ಸಾಲು ಓದುತ್ತೇನೆ, ನಿಮ್ಮ ಗ್ರಂಥ ಸರಿ, ನಿಮ್ಮ ಮುತ್ತಾತ ಸರಿ ಎಂದು ಎಲ್ಲರ ಮುಂದೆ ಸಾಧಿಸಿ ತೋರಿಸುತ್ತೇನೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಭಾಷಣದ ದನಿಯೇ ಆಗಿತ್ತು.

ಸಾಹೇಬರು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಟ್ಟು ಬಂದು ಕೂತರು.

"ಬೇಡ ಸಾರ್. ಅವತ್ತು ತಪ್ಪು ಅಂದ್ರಿ, ಜನ ನಂಬಿದ್ರು. ಇವತ್ತು ಸರಿ ಅಂತೀರಿ, ನಂಬ್ತಾರೇನೋ. ನಮ್ಮ ಕಿತಾಬು ಸರಿನೋ ತಪ್ಪೋ ಅಂತ ನೀವು ಹೇಳೋ ತನಕ ನಾವು ಕಾಯ್ತಾ ಕೂರ್ಬೇಕಾ? ನಮ್ಮಲ್ಲಿ ಅದ್ರ ಬಗ್ಗೆ ಜಗಳ ಆಡೋರು ಇದಾರೆ, ಆಡ್ಲಿ. ನೀವು ನಿಮ್ಮ ಬಗ್ಗೆ ಹೇಳಿ."

ನನ್ನ ಬಗ್ಗೆ ಏನು ಹೇಳಲಿ ಎಂದು ಕೇಳಿದೆ.

"ಏನು ಮಾಡಿದ್ರೋ ಅದು."

ಅಲ್ಲೇ ಚಾಪೆಗಳ ಮುಂದೆ ನಿಂತೆ. ವಿಡಿಯೊ ತೆಗೆಯಲು ಗಿರಿಜೆ ಫೋನು ಹಿಡಿದಳು. ನನಗೆ ಅರಬ್ಬಿ ಬರುವುದಿಲ್ಲ, ನನ್ನ ಸ್ನೇಹಿತ ರಹಮತ್ ಸಾಹೇಬರ ಮನೆಯ ಪುಟದ ಎರಡು ಸಾಲಿನಲ್ಲಿ ಒಂದನ್ನು ಮಾತ್ರ ಕೇಳಿ ತಿಳಿದುಕೊಂಡು, ಅದರಲ್ಲೂ ಅರ್ಧ ಬಿಟ್ಟು ಸಭೆಯಲ್ಲಿ ಹೇಳಿದೆ, ಇನ್ನೊಂದು ಸಾಲಿದೆ ಎಂದು ಅವರು ಮನೆಗೆ ಬಂದು ಹೇಳಿದರೂ ಕೇಳಲಿಲ್ಲ, ಜನ ನಕ್ಕಿದ್ದು ನನಗೆ ಹಿಡಿಸಿತ್ತು, ಇಷ್ಟೇ. ಒಂದು ನಿಮಿಷವೂ ಆಗಲಿಲ್ಲ.

ಹಳೆಯ ತುಣುಕು ಓಡಾಡಿದ ವಾಟ್ಸಾಪ್ ಗುಂಪುಗಳಿಗೆ ಕಳಿಸುವ ಮೊದಲು ಸಾಹೇಬರಿಗೆ ಕೊಟ್ಟೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಒಮ್ಮೆ ನೋಡಿದರು. ಇನ್ನೊಮ್ಮೆ ಕಿವಿಗೆ ಹಿಡಿದು ಕೇಳಿದರು. ಎಲ್ಲ ಸರಿ ಇದೆ, ಒಂದು ಮಾತು ಮಾತ್ರ ತೆಗೆದರೆ ಒಳ್ಳೆಯದು ಎಂದರು. ಯಾವುದು ಎಂದೆ.

"ಸ್ನೇಹಿತ ಅಂದಿದೀರಲ್ಲ ಸಾರ್, ಅದು."

ಗಿರಿಜೆ ಮತ್ತೆ ಫೋನು ಹಿಡಿದಳು. ಆ ಮಾತು ಬಿಟ್ಟು ಮೊದಲಿನಿಂದ ಹೇಳಿದೆ.